ಟ್ಯಾಬ್ ಕೀ ಸತ್ತಿಲ್ಲ, ಅದರ ಕೆಲಸವನ್ನು ನೀವೇ ಬೇರೆಯವರಿಗೆ ಕೊಟ್ಟಿದ್ದೀರಿ

ಪ್ರಶ್ನೆ: ಮೇಡಂ, ನಮಸ್ಕಾರ. ಊರು ತುಮಕೂರು. ಬೆಂಗಳೂರಿನ ಒಂದು ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ, ದಿನಾ ರೈಲಿನಲ್ಲಿ ಓಡಾಟ. ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಲಿನಕ್ಸ್, ಟೈಪ್ ಮಾಡಿದ ಕಮಾಂಡ್ ಓಡಿಸುವ ಶೆಲ್ ಬ್ಯಾಶ್. ಉದ್ದದ ಕಮಾಂಡ್‌ನಲ್ಲಿ ಒಂದಕ್ಷರ ತಪ್ಪಿದರೂ ಬಾಣದ ಕೀ ಒತ್ತಿ ಒತ್ತಿ ಸಾಕಾಗುತ್ತದೆ. ಅದಕ್ಕೆ ಇಂಟರ್‌ನೆಟ್‌ನಿಂದ ಯಾರದೋ 200 ಸಾಲಿನ ‘ಇನ್‌ಪುಟ್‌ಆರ್‌ಸಿ’ ಫೈಲ್ (ಯಾವ ಕೀ ಏನು ಮಾಡಬೇಕೆಂದು ಹೇಳುವ ಪಟ್ಟಿ) ತಂದು ಹಾಕಿಕೊಂಡೆ. ಕಂಟ್ರೋಲ್-ಐ ಒತ್ತಿದರೆ ಸಾಲಿನ ಮೊದಲಿಗೆ ‘ಸುಡೂ’ (ಕಮಾಂಡನ್ನು ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಪದ) ಬರಲಿ ಎಂದು ನಾನೇ ಒಂದು ಸಾಲು ಸೇರಿಸಿದೆ. ಅವತ್ತಿನಿಂದ ಟ್ಯಾಬ್ ಒತ್ತಿದರೂ ‘ಸುಡೂ’ ಬಂದು ಕೂರುತ್ತದೆ, ಫೈಲ್ ಹೆಸರು ತುಂಬುವುದಿಲ್ಲ. ಆಫೀಸಿನ ಒಂದು ಹಳೆಯ ಸರ್ವರ್‌ನಲ್ಲಿ ಕಂಟ್ರೋಲ್ ಹಿಡಿದು ಎಡ ಬಾಣ ಒತ್ತಿದರೆ ‘;5ಡಿ’ ಎಂದು ಮೂಡುತ್ತದೆ. ಹೋದ ವಾರ ಕೈತಪ್ಪಿ ಕಂಟ್ರೋಲ್-ಎಸ್ ಒತ್ತಿದೆ, ಟರ್ಮಿನಲ್ ಹ್ಯಾಂಗ್ ಆಯಿತು. ವಿಂಡೋ ಮುಚ್ಚಿದೆ, ಅರ್ಧ ಆಗಿದ್ದ ಬ್ಯಾಕಪ್ ಹೋಯಿತು. ಬ್ರೌಸರ್‌ನೊಳಗಿನ ಕನ್ಸೋಲ್‌ನಲ್ಲಿ ಒಂದು ಪದ ಅಳಿಸಲು ಕಂಟ್ರೋಲ್-ಡಬ್ಲ್ಯೂ ಒತ್ತಿದರೆ ಟ್ಯಾಬೇ ಮುಚ್ಚಿಹೋಯಿತು. ಹಳೆಯ ಸರ್ವರ್‌ನಲ್ಲೇ ಒಮ್ಮೆ ಕನ್ನಡದಲ್ಲಿ ಫೈಲ್ ಹೆಸರು ಟೈಪ್ ಮಾಡಹೋದೆ, ಕಮಾಂಡ್ ಬರೆಯುವ ಜಾಗದಲ್ಲಿ, ಅಂದರೆ ಪ್ರಾಂಪ್ಟ್‌ನಲ್ಲಿ, ‘ಆರ್ಗ್: 2’ ಎಂದು ಬಂತು. ಟೀಮ್ ಲೀಡ್ ಹೇಳುತ್ತಾರೆ, ‘ವಿಐ ಎಡಿಟರ್ ಥರ ಕೀ ನಡೆಯುವ ವಿಐ ಮೋಡ್ ಹಾಕ್ಕೋ, ಅದೇ ಸರಿಯಾದ ದಾರಿ’ ಅಂತ. ಇನ್ನೊಬ್ಬ ಸೀನಿಯರ್, ‘ಏನೂ ಮುಟ್ಟಬೇಡ, ಸಿಸ್ಟಮ್ ಹಾಳಾಗುತ್ತೆ’ ಅನ್ನುತ್ತಾರೆ. ನಾನು ಏನಾದರೂ ಕೆಡಿಸಿಬಿಟ್ಟಿದ್ದೇನಾ?

ಉತ್ತರ: ನಗು ಬಂತು, ಕ್ಷಮಿಸಿ. ಟ್ಯಾಬ್ ಒತ್ತಿದರೆ ಬೇರೇನೋ ಉದುರುವ ಕಂಪ್ಯೂಟರನ್ನು ನಾನೂ ಒಂದು ಕಾಲದಲ್ಲಿ ಇಟ್ಟುಕೊಂಡಿದ್ದೆ. ನೀವು ಏನನ್ನೂ ಕೆಡಿಸಿಲ್ಲ. ಆ ಫೈಲ್ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಹೆಸರಿನಲ್ಲಿ ಕೂತಿದೆ. ಅದು ನಿಮ್ಮ ಲಾಗಿನ್‌ಗೆ ಮಾತ್ರ ಸಂಬಂಧಪಟ್ಟದ್ದು. ಹೆಸರು ಬದಲಿಸಿ ಹೊಸ ಟರ್ಮಿನಲ್ ತೆರೆದರೆ ಎಲ್ಲ ಮೊದಲಿನಂತೆ. ‘ಸಿಸ್ಟಮ್ ಹಾಳಾಗುತ್ತೆ’ ಎಂಬ ಸೀನಿಯರ್ ಮಾತು ಇಷ್ಟರ ಮಟ್ಟಿಗೆ ಸುಳ್ಳು. ಆದರೆ ಆ ಭಯದಲ್ಲಿ ಒಂದು ಚೂರು ನಿಜ ಇದೆ, ಆಮೇಲೆ ಹೇಳುತ್ತೇನೆ.

ನಿಮ್ಮ ಐದಾರು ತೊಂದರೆಗಳು ಬೇರೆ ಬೇರೆ ಅಲ್ಲ. ಒತ್ತಿದ ಕೀ ಎಲ್ಲೆಲ್ಲಿ ಹಾದು ಬರುತ್ತದೆ ಎಂದು ಗೊತ್ತಾದರೆ ಎಲ್ಲವೂ ಒಟ್ಟಿಗೆ ಬಿಡಿಸಿಕೊಳ್ಳುತ್ತವೆ. ನೀವು ದಿನಾ ಹತ್ತುವ ರೈಲನ್ನೇ ನೆನೆಸಿಕೊಳ್ಳಿ. ತುಮಕೂರಲ್ಲಿ ಹತ್ತಿದವರೆಲ್ಲ ಯಶವಂತಪುರ ತಲುಪುವುದಿಲ್ಲ. ಒಬ್ಬರು ಕ್ಯಾತ್ಸಂದ್ರದಲ್ಲಿ ಇಳಿಯುತ್ತಾರೆ, ಇನ್ನೊಬ್ಬರು ದಾಬಸ್‌ಪೇಟೆಯಲ್ಲಿ. ಕೀ ಕೂಡ ಹಾಗೇ. ಮೊದಲ ಸ್ಟೇಷನ್ ನಿಮ್ಮ ಡೆಸ್ಕ್‌ಟಾಪ್. ಎರಡನೆಯದು ಟರ್ಮಿನಲ್ ವಿಂಡೋ, ಅಥವಾ ಬ್ರೌಸರ್. ಮೂರನೆಯದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನೊಳಗೆ ಟರ್ಮಿನಲ್ ನೋಡಿಕೊಳ್ಳುವ ಟಿಟಿವೈ ಎಂಬ ಭಾಗ. ಕೊನೆಯದು ಬ್ಯಾಶ್‌ನ ಒಳಗೆ ಸಾಲು ತಿದ್ದುವ ಕೆಲಸ ಮಾಡುವ ರೀಡ್‌ಲೈನ್. ನೀವು ಬರೆಯುವ ಇನ್‌ಪುಟ್‌ಆರ್‌ಸಿ ಈ ಕೊನೆಯ ಸ್ಟೇಷನ್‌ನಲ್ಲಿ ಮಾತ್ರ ನಡೆಯುವ ಕಾನೂನು. ದಾರಿಯಲ್ಲೇ ಇಳಿದುಹೋದ ಕೀಗೆ ಅದು ಏನೂ ಮಾಡಲಾರದು.

ಬ್ರೌಸರ್ ಕಥೆ ಇದೇ. ಕಂಟ್ರೋಲ್-ಡಬ್ಲ್ಯೂವನ್ನು ಬ್ರೌಸರ್ ತನಗೆ ಇಟ್ಟುಕೊಳ್ಳುತ್ತದೆ, ಒಳಗಿನ ಪುಟದ ಕೈಗೆ ಕೊಡುವುದೇ ಇಲ್ಲ. ಅಲ್ಲಿ ಪದ ಅಳಿಸಬೇಕಾದರೆ ಆಲ್ಟ್-ಬ್ಯಾಕ್‌ಸ್ಪೇಸ್ ಒತ್ತಿ. ಅದೂ ಕೈಕೊಟ್ಟರೆ ಎಸ್ಕೇಪ್ ಒತ್ತಿ ಬಿಟ್ಟು, ಆಮೇಲೆ ಬ್ಯಾಕ್‌ಸ್ಪೇಸ್ ಒತ್ತಿ. ಟರ್ಮಿನಲ್ ಲೆಕ್ಕದಲ್ಲಿ ಎರಡೂ ಒಂದೇ.

ಕಂಟ್ರೋಲ್-ಎಸ್ ಮೂರನೆಯ ಸ್ಟೇಷನ್‌ನಲ್ಲಿ ಇಳಿಯುತ್ತದೆ. ಇದರ ಹಿಂದೆ ಹಳೆಯ ಕಥೆ ಇದೆ. 1960ರ ದಶಕದಲ್ಲಿ ಟರ್ಮಿನಲ್ ಅಂದರೆ ಟೆಲಿಟೈಪ್, ಕಾಗದದ ಮೇಲೆ ಕಟಕಟ ಬಡಿಯುವ ಯಂತ್ರ. ಕಳಿಸುವ ಕಡೆಯ ವೇಗಕ್ಕೆ ಪಡೆಯುವ ಕಡೆ ಹೊಂದಿಕೊಳ್ಳಲಾಗದಿದ್ದರೆ ‘ಸ್ವಲ್ಪ ತಡಿ’ ಎನ್ನಲು ಒಂದು ಸಂಕೇತ, ‘ಈಗ ಕಳಿಸು’ ಎನ್ನಲು ಇನ್ನೊಂದು. ಅವೇ ಇವತ್ತಿನ ಕಂಟ್ರೋಲ್-ಎಸ್ ಮತ್ತು ಕಂಟ್ರೋಲ್-ಕ್ಯೂ. ಯಂತ್ರ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು, ಸಂಕೇತ ಉಳಿದುಕೊಂಡಿದೆ. ಅವತ್ತು ನಿಮ್ಮ ಟರ್ಮಿನಲ್ ಹ್ಯಾಂಗ್ ಆಗಿರಲಿಲ್ಲ, ನೀವು ‘ತಡಿ’ ಅಂದಿರಿ, ಅದು ತಡೆಯಿತು. ಕಂಟ್ರೋಲ್-ಕ್ಯೂ ಒತ್ತಿದ್ದರೆ ಮುಂದೆ ಓಡುತ್ತಿತ್ತು. ಬ್ಯಾಕಪ್ ಹೋಗಿದ್ದು ಕಂಟ್ರೋಲ್-ಎಸ್‌ನಿಂದಲ್ಲ, ವಿಂಡೋ ಮುಚ್ಚಿದ್ದರಿಂದ. ಮುಚ್ಚಿದಾಗ ಒಳಗಿನ ಕೆಲಸಕ್ಕೆ ‘ಲೈನ್ ಕಟ್ ಆಯಿತು’ ಎಂಬ ಸೂಚನೆ ಹೋಗುತ್ತದೆ, ಸಾಮಾನ್ಯವಾಗಿ ಅದು ಅಲ್ಲೇ ಸಾಯುತ್ತದೆ. ಗಂಟೆಗಟ್ಟಲೆ ಓಡುವ ಕೆಲಸವನ್ನು, ವಿಂಡೋ ಮುಚ್ಚಿದರೂ ಓಡಿಸುತ್ತಲೇ ಇರುವ ಟಿಮಕ್ಸ್ ಒಳಗೆ ಶುರು ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

ಈ ‘ತಡಿ’ ಬೇಡವೇ ಬೇಡ ಅನ್ನುವವರು ‘ಎಸ್‌ಟಿಟಿವೈ’ ಕಮಾಂಡ್‌ಗೆ ‘ಮೈನಸ್ ಐಎಕ್ಸ್‌ಒಎನ್’ ಕೊಟ್ಟು ನಿಲ್ಲಿಸಬಹುದು. ನಾನು ನಿಲ್ಲಿಸಿಯೇ ಇಡುತ್ತೇನೆ. ಆಗ ಕಂಟ್ರೋಲ್-ಎಸ್ ಕೊನೆಯ ಸ್ಟೇಷನ್‌ವರೆಗೂ ಹೋಗುತ್ತದೆ, ಹಳೆಯ ಕಮಾಂಡ್‌ಗಳಲ್ಲಿ ಮುಂದಕ್ಕೆ ಹುಡುಕುವ ಕೆಲಸಕ್ಕೆ ಸಿಗುತ್ತದೆ. ನೆನಪಿಡಿ, ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ನಲ್ಲಿ ಇದ್ದಾಗ ಇದನ್ನು ನಿರ್ಧರಿಸುವುದು ಆ ಕಡೆಯ ಸರ್ವರ್‌ನ ಕರ್ನಲ್. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ನಿಲ್ಲಿಸಿ ‘ಕೆಲಸ ಮಾಡ್ತಿಲ್ಲ’ ಎನ್ನಬೇಡಿ.

ಈಗ ಟ್ಯಾಬ್. ಕಂಟ್ರೋಲ್ ಕೀ ಅಂದರೆ ಅಕ್ಷರಕ್ಕೆ ಅಂಟುವ ಬಾಲ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಆಸ್ಕಿ ಎಂಬ 1963ರ ಸಂಕೇತ ಪಟ್ಟಿಯಲ್ಲಿ ಮೊದಲ 32 ಜಾಗಗಳು ಯಂತ್ರ ನಡೆಸುವ ಸೂಚನೆಗಳಿಗೆ ಮೀಸಲು. ಕಂಟ್ರೋಲ್ ಹಿಡಿದು ಅಕ್ಷರ ಒತ್ತಿದರೆ, ಇಂಗ್ಲಿಷ್ ವರ್ಣಮಾಲೆಯಲ್ಲಿ ಅದು ಎಷ್ಟನೆಯದೋ ಆ ಸಂಖ್ಯೆ ಹೊರಡುತ್ತದೆ. ಎ ಒತ್ತಿದರೆ 1, ಝಡ್ ಒತ್ತಿದರೆ 26. ಐ ಎಷ್ಟನೆಯದು? 9. ಟ್ಯಾಬ್ ಕೀ ಕಳಿಸುವುದು ಎಷ್ಟು? ಅದೂ 9! ರೀಡ್‌ಲೈನ್ ಕಣ್ಣಿಗೆ ಎರಡೂ ಒಂದೇ. ನೀವು ಕಂಟ್ರೋಲ್-ಐಗೆ ಹೊಸ ಕೆಲಸ ಕೊಟ್ಟಿರಿ, ಟ್ಯಾಬ್ ಹಳೆಯ ಕೆಲಸ ಕಳೆದುಕೊಂಡಿತು. ಎಂ ಅಕ್ಷರ 13, ಅದು ಎಂಟರ್. ಚೌಕದ ಎಡ ಆವರಣ ಚಿಹ್ನೆ 27, ಅದು ಎಸ್ಕೇಪ್. ಈ ಮೂರನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಎಚ್ ಮತ್ತು ಜೆ ಹತ್ತಿರವೂ ಸುಳಿಯಬೇಡಿ. ಕೆಲವು ಟರ್ಮಿನಲ್‌ಗಳಲ್ಲಿ ಎಚ್ ಅಂದರೆ ಬ್ಯಾಕ್‌ಸ್ಪೇಸ್, ಜೆ ಅಂದರೆ ಹೊಸ ಸಾಲು.

ಇದೇ ಕಾರಣಕ್ಕೆ ‘ಕಂಟ್ರೋಲ್-ಶಿಫ್ಟ್-ಎ’ಗೆ ಬೇರೆ ಕೆಲಸ ಕೊಡಬೇಕು ಎನ್ನುವವರ ಆಸೆಯೂ ಈಡೇರುವುದಿಲ್ಲ. ಹಳೆಯ ಪದ್ಧತಿಯಲ್ಲಿ ಶಿಫ್ಟ್ ಇದ್ದರೂ ಹೊರಡುವುದು ಅದೇ 1.

ಆಲ್ಟ್ ಮತ್ತು ಬಾಣದ ಕೀಗಳಿಗೆ ಇಂಥ ಒಂದು ಸಂಖ್ಯೆಯೂ ಇಲ್ಲ. ಆಲ್ಟ್ ಹಿಡಿದು ಬಿ ಒತ್ತಿದರೆ ಮೊದಲು ಎಸ್ಕೇಪ್, ಹಿಂದೆಯೇ ಬಿ ಹೊರಡುತ್ತವೆ. ಬಾಣದ ಕೀಗಳು 1978ರ ವಿಟಿ100 ಟರ್ಮಿನಲ್ ಹಾಕಿಕೊಟ್ಟ ದಾರಿಯಲ್ಲೇ ನಡೆಯುತ್ತವೆ. ಎಸ್ಕೇಪ್, ಆವರಣ ಚಿಹ್ನೆ, ಒಂದು ಅಕ್ಷರ. ಕಂಟ್ರೋಲ್ ಹಿಡಿದು ಎಡ ಬಾಣ ಒತ್ತಿದರೆ ಹೊರಡುವುದು ಎಸ್ಕೇಪ್, ಆವರಣ, 1, ಸೆಮಿಕೋಲನ್, 5, ಡಿ. ಇಲ್ಲಿ 5 ಅಂದರೆ ಕಂಟ್ರೋಲ್ ಹಿಡಿದಿದ್ದಾರೆ ಎಂದು, ಡಿ ಅಂದರೆ ಎಡ ಬಾಣ. ನಿಮ್ಮ ಹಳೆಯ ಸರ್ವರ್‌ನ ಬ್ಯಾಶ್‌ಗೆ ಈ ಪೂರ್ತಿ ಸಾಲಿನ ಅರ್ಥ ಯಾರೂ ಹೇಳಿಕೊಟ್ಟಿಲ್ಲ. ಮೊದಲರ್ಧ ನುಂಗಿತು, ಉಳಿದ ‘;5ಡಿ’ಯನ್ನು ನೀವೇ ಟೈಪ್ ಮಾಡಿದ್ದೀರಿ ಎಂದು ತಿಳಿದು ಮೂಡಿಸಿತು.

ಇದನ್ನು ನೀವೇ ಕಣ್ಣಾರೆ ನೋಡಬಹುದು. ಪ್ರಾಂಪ್ಟ್‌ನಲ್ಲಿ ಕಂಟ್ರೋಲ್-ವಿ ಒತ್ತಿ, ಆಮೇಲೆ ಯಾವ ಕೀ ಬೇಕೋ ಅದನ್ನು ಒತ್ತಿ. ಏನು ಬಂದು ಮುಟ್ಟಿತೋ ಅದು ಹಾಗೇ ಕಾಣುತ್ತದೆ. ಏನೂ ಕಾಣದೆ ಕರ್ಸರ್ ಕೂಡ ಕದಲದಿದ್ದರೆ ಆ ಕೀ ದಾರಿಯಲ್ಲೇ ಇಳಿದಿದೆ ಎಂದರ್ಥ. ಕೀ ಬದಲಿಸುವ ಮುಂಚೆ ಈ ಪರೀಕ್ಷೆ ಮಾಡಿದ್ದರೆ ಟ್ಯಾಬ್ ಗಲಾಟೆ ಆಗುತ್ತಲೇ ಇರಲಿಲ್ಲ. ನನ್ನ ಹತ್ತಿರ ಬರುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನು.

ಕನ್ನಡದ ‘ಆರ್ಗ್: 2’ ನನಗೆ ತುಂಬ ಇಷ್ಟವಾದ ತೊಂದರೆ. ಎಲ್ಲ ಲಿಪಿಗಳನ್ನೂ ಸಂಖ್ಯೆಯಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಮೂಲಾಕ್ಷರಕ್ಕೂ ಗುಣಿತದ ಪ್ರತಿ ಚಿಹ್ನೆಗೂ ಮೂರು ಬೈಟ್. ‘ಕ’ ಎಂದರೆ 224, 178, 149. ಸರ್ವರ್‌ನ ಲೊಕೇಲ್ (ಭಾಷೆ, ಲಿಪಿಯ ಸೆಟ್ಟಿಂಗ್) ಯುಟಿಎಫ್-8 ಆಗಿರದೆ ಬರೀ ‘ಸಿ’ ಎಂದು ಇದ್ದರೆ, 128ಕ್ಕಿಂತ ದೊಡ್ಡ ಬೈಟ್ ಬಂದಾಗ ರೀಡ್‌ಲೈನ್ ಅದನ್ನು ಆಲ್ಟ್ ಹಿಡಿದು ಒತ್ತಿದ ಕೀ ಎಂದು ತಿಳಿಯುತ್ತದೆ. 178ರಲ್ಲಿ 128 ಕಳೆಯಿರಿ. 50. ಆಸ್ಕಿ ಪಟ್ಟಿಯಲ್ಲಿ 50 ಅಂದರೆ ಅಂಕೆ 2. ಆಲ್ಟ್-2 ಅಂದರೆ ‘ಮುಂದಿನ ಕೆಲಸವನ್ನು ಎರಡು ಸಲ ಮಾಡು’ ಎಂಬ ಆಜ್ಞೆ! ನೀವು ‘ಕ’ ಬರೆದಿರಿ, ಅದು ಲೆಕ್ಕ ಹಾಕಲು ಕೂತಿತು. ಪಾಪ, ಅದರ ತಪ್ಪಲ್ಲ. ಲೊಕೇಲ್ ಸರಿಪಡಿಸಲು ಅನುಮತಿ ಇದ್ದರೆ ಸರಿಪಡಿಸಿ, ತೊಂದರೆ ಮುಗಿಯಿತು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಬದಲಿಸಬೇಕೋ, ಬೇಡವೋ?

ಮೊದಲನೆಯದು, ಏನನ್ನೂ ಬದಲಿಸದೆ ಇರುವುದನ್ನೇ ಕಲಿಯುವುದು. ಇದು ಹಿಂಜರಿಯುವವರ ದಾರಿ ಅಲ್ಲ. ಬಾಣದ ಕೀ ಒತ್ತಿ ಸುಸ್ತಾದವರಲ್ಲಿ ಹೆಚ್ಚಿನವರಿಗೆ ಬ್ಯಾಶ್‌ನಲ್ಲಿ ಆಗಲೇ ಏನಿದೆ ಎಂದು ಗೊತ್ತಿರುವುದಿಲ್ಲ. ಕಂಟ್ರೋಲ್-ಎ ಸಾಲಿನ ಮೊದಲಿಗೆ, ಕಂಟ್ರೋಲ್-ಇ ಕೊನೆಗೆ. ಆಲ್ಟ್-ಬಿ ಒಂದು ಪದ ಹಿಂದೆ, ಆಲ್ಟ್-ಎಫ್ ಒಂದು ಪದ ಮುಂದೆ. ಕಂಟ್ರೋಲ್-ಯು ಕರ್ಸರ್‌ನಿಂದ ಹಿಂದಿನದನ್ನು ಕತ್ತರಿಸುತ್ತದೆ, ಕಂಟ್ರೋಲ್-ಕೆ ಮುಂದಿನದನ್ನು. ಕತ್ತರಿಸಿದ್ದು ಕಂಟ್ರೋಲ್-ವೈ ಒತ್ತಿದರೆ ವಾಪಸ್. ಕಂಟ್ರೋಲ್-ಆರ್ ಹಳೆಯ ಕಮಾಂಡ್ ಹುಡುಕುತ್ತದೆ. ಆಲ್ಟ್-ಚುಕ್ಕಿ ಹಿಂದಿನ ಕಮಾಂಡ್‌ನ ಕೊನೆಯ ಪದವನ್ನು ತಂದು ಇಡುತ್ತದೆ. ಇದೊಂದೇ ದಿನಕ್ಕೆ ಎಷ್ಟೋ ಸಲದ ಟೈಪಿಂಗ್ ಉಳಿಸುತ್ತದೆ. ಕಂಟ್ರೋಲ್-ಡಬ್ಲ್ಯೂ ಹಿಂದಿನ ಖಾಲಿ ಜಾಗದವರೆಗೂ ಒರೆಸುತ್ತದೆ, ಉದ್ದದ ಫೋಲ್ಡರ್ ದಾರಿ ಇದ್ದರೆ ಪೂರ್ತಿ ಹೋಗುತ್ತದೆ. ಆಲ್ಟ್-ಬ್ಯಾಕ್‌ಸ್ಪೇಸ್ ಓರೆಗೆರೆ ಬಂದಲ್ಲಿ ನಿಲ್ಲುತ್ತದೆ. ನೀವು ‘ಅರ್ಧ ಮಾತ್ರ ಅಳಿಸುವ ಕೀ ಬೇಕು’ ಎಂದು ಹುಡುಕುತ್ತಿದ್ದರೆ ಅದು ಆಗಲೇ ಅಲ್ಲಿದೆ.

ಇದರ ಲಾಭ, ಬ್ಯಾಶ್ ಇರುವ ಯಾವ ಸರ್ವರ್‌ಗೆ ಹೋದರೂ ಕೈ ತಡವರಿಸುವುದಿಲ್ಲ. ಒಂದೇ ಕಿರಿಕಿರಿ ಅಂದರೆ ಕೆಲವು ಟರ್ಮಿನಲ್‌ಗಳಲ್ಲಿ ಆಲ್ಟ್-ಎಫ್ ಒತ್ತಿದರೆ ಫೈಲ್ ಮೆನು ತೆರೆದುಕೊಳ್ಳುತ್ತದೆ. ಎರಡನೆಯ ಸ್ಟೇಷನ್‌ನಲ್ಲಿ ಇಳಿಯಿತು, ಅಷ್ಟೇ. ಸೆಟ್ಟಿಂಗ್‌ನಲ್ಲಿ ಆ ಮೆನು ಶಾರ್ಟ್‌ಕಟ್ ತೆಗೆದುಬಿಡಿ.

ಎರಡನೆಯದು, ಪುಟ್ಟದಾದ ಇನ್‌ಪುಟ್‌ಆರ್‌ಸಿ. 200 ಸಾಲು ಬೇಡ, ಏಳೆಂಟು ಸಾಕು. ಮೊದಲ ಸಾಲು ಡಾಲರ್ ಚಿಹ್ನೆ ಹಾಕಿದ ‘ಇನ್‌ಕ್ಲೂಡ್’ ಇರಲಿ, ಅದು ‘ಇಟಿಸಿ’ ಫೋಲ್ಡರ್‌ನಲ್ಲಿರುವ ಇನ್‌ಪುಟ್‌ಆರ್‌ಸಿಯನ್ನು ಕರೆದುಕೊಳ್ಳಲಿ. ಹೆಚ್ಚಿನವರು ಮರೆಯುವುದು ಇದನ್ನೇ. ನಿಮ್ಮ ಹೋಮ್‌ನಲ್ಲಿ ಒಂದು ಫೈಲ್ ಕಂಡರೆ ರೀಡ್‌ಲೈನ್ ಸಿಸ್ಟಮ್‌ನ ಫೈಲನ್ನು ತಿರುಗಿಯೂ ನೋಡುವುದಿಲ್ಲ. ಉಬುಂಟು ತಯಾರಿಸಿದವರು ನಿಮಗಾಗಿ ಹೊಂದಿಸಿಟ್ಟದ್ದೆಲ್ಲ ಆಗ ಸುಮ್ನೆ ಕಳೆದುಹೋಗುತ್ತದೆ.

ಆಮೇಲೆ ಮೇಲು ಬಾಣಕ್ಕೆ ‘ಹಿಸ್ಟರಿ-ಸರ್ಚ್-ಬ್ಯಾಕ್‌ವರ್ಡ್’, ಕೆಳ ಬಾಣಕ್ಕೆ ‘ಹಿಸ್ಟರಿ-ಸರ್ಚ್-ಫಾರ್ವರ್ಡ್’. ಎರಡಕ್ಷರ ಟೈಪ್ ಮಾಡಿ ಮೇಲು ಬಾಣ ಒತ್ತಿದರೆ ಆ ಅಕ್ಷರಗಳಿಂದ ಶುರುವಾಗುವ ಹಳೆಯ ಕಮಾಂಡ್‌ಗಳು ಮಾತ್ರ ಬರುತ್ತವೆ. ಟ್ಯಾಬ್ ಒತ್ತಿದಾಗ ದೊಡ್ಡಕ್ಷರ ಚಿಕ್ಕಕ್ಷರದ ಭೇದ ನೋಡದಂತೆ ‘ಕಂಪ್ಲೀಷನ್-ಇಗ್ನೋರ್-ಕೇಸ್’. ಕಂಟ್ರೋಲ್ ಹಿಡಿದು ಎಡ, ಬಲ ಬಾಣ ಒತ್ತಿದರೆ ಪದದಿಂದ ಪದಕ್ಕೆ ಹೋಗಲು ಎರಡು ಸಾಲು. ಉಳಿಸಿ, ಕಂಟ್ರೋಲ್-ಎಕ್ಸ್ ಹಿಂದೆಯೇ ಕಂಟ್ರೋಲ್-ಆರ್ ಒತ್ತಿದರೆ ಹೊಸ ಫೈಲ್ ಅಲ್ಲೇ ಓದಿಕೊಳ್ಳುತ್ತದೆ. ಪ್ರಯೋಗ ಮಾಡುವಾಗ ಪಕ್ಕದಲ್ಲಿ ಇನ್ನೊಂದು ಟರ್ಮಿನಲ್ ತೆರೆದಿರಲಿ.

ಅಪಾಯ? ಸೀನಿಯರ್ ಭಯದ ನಿಜವಾದ ಚೂರು ಇಲ್ಲಿದೆ. ಫೈಲ್ ನಿಮ್ಮದು, ಆದರೆ ಬೆರಳಿನ ಅಭ್ಯಾಸ ನಿಮ್ಮ ಜೊತೆ ಎಲ್ಲ ಸರ್ವರ್‌ಗೂ ಬರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ‘ಎಲ್‌ಎಸ್’ ಬರೆದು ಮೇಲು ಬಾಣ ಒತ್ತಿದರೆ ಎಲ್‌ಎಸ್ ಸಾಲೇ ಬರುತ್ತದೆ. ಬೇರೆ ಸರ್ವರ್‌ನಲ್ಲಿ ಬರುವುದು ಹಿಂದಿನ ಕಮಾಂಡ್, ಅದು ಏನೂ ಆಗಿರಬಹುದು. ನೋಡದೆ ಎಂಟರ್ ಒತ್ತಿದರೆ ಮುಗಿಯಿತು. ಹತ್ತು ಜನ ಬಳಸುವ, ಪೂರ್ತಿ ಅಧಿಕಾರದ ರೂಟ್ ಲಾಗಿನ್‌ನಲ್ಲಿ ಅಂತೂ ಇಂಥ ಫೈಲ್ ಇಡಲೇಬೇಡಿ. ನಿಮಗೆ ಅನುಕೂಲ, ಮಿಕ್ಕ ಒಂಬತ್ತು ಜನಕ್ಕೆ ಬಲೆ.

ಇನ್ನೊಂದು ಮಾತು, ಇದು ನನ್ನ ಸ್ವಂತ ಅನುಭವ. ಕೀಗೆ ಒಂದು ಪೂರ್ತಿ ಕಮಾಂಡನ್ನೇ ಕಟ್ಟಬಹುದು, ಕೊನೆಯಲ್ಲಿ ಎಂಟರ್ ಸೇರಿಸಬಹುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹಳೆಯ ಲಾಗ್ ಫೈಲ್ ಅಳಿಸುವ ಸಾಲನ್ನು ಹಾಗೆ ಒಂದು ಕೀಗೆ ಕಟ್ಟಿಕೊಂಡಿದ್ದೆ, ಎಂಟರ್ ಸಮೇತ. ಒಂದು ರಾತ್ರಿ ನಿದ್ದೆಗಣ್ಣಲ್ಲಿ ಪಕ್ಕದ ಕೀ ಬದಲು ಅದನ್ನು ಒತ್ತಿದೆ, ಬೇರೆ ಫೋಲ್ಡರ್‌ನಲ್ಲಿ. ಬೆಳಿಗ್ಗೆ ಆರರವರೆಗೆ ಬ್ಯಾಕಪ್‌ನಿಂದ ತುಂಬುತ್ತಾ ಕೂತಿದ್ದೆ. ಅಂದಿನಿಂದ ನಾನು ಕೀಗೆ ಕಟ್ಟಿದ ಯಾವ ಸಾಲಿನಲ್ಲೂ ಎಂಟರ್ ಇಲ್ಲ. ನಿಮ್ಮ ‘ಸುಡೂ’ ಕೀಯಲ್ಲೂ ಇಲ್ಲ ಎಂದುಕೊಳ್ಳುತ್ತೇನೆ. ಅದನ್ನು ಬೇರೆ ಕೀಗೆ ಹಾಕಿ, ಬ್ಯಾಶ್‌ಗೆ ಮಾತ್ರ ಎಂಬ ಷರತ್ತಿನೊಳಗೆ ಇಡಿ. ಇಲ್ಲದಿದ್ದರೆ ರೀಡ್‌ಲೈನ್ ಬಳಸುವ ಜಿಡಿಬಿ, ಪಿಎಸ್‌ಕ್ಯೂಎಲ್ ಮುಂತಾದ ಬೇರೆ ಪ್ರೋಗ್ರಾಮ್‌ಗಳಲ್ಲೂ ‘ಸುಡೂ’ ಉದುರುತ್ತದೆ.

ಮೂರನೆಯದು, ವಿಐ ಮೋಡ್. ‘ಅದೇ ಸರಿಯಾದ ದಾರಿ’ ಎಂಬುದು ಅಭಿಮಾನದ ಮಾತು. ವಿಐ ಮತ್ತು ಈಮ್ಯಾಕ್ಸ್ ಎಂಬ ಎರಡೂ ಎಡಿಟರ್‌ಗಳ ಮೂಲವೂ 1976ರ ಹೊತ್ತಿನದು, ಯಾವುದೂ ಇನ್ನೊಂದಕ್ಕಿಂತ ಮಡಿಯಲ್ಲ. ವಿಐನಲ್ಲಿ ಎಚ್, ಜೆ, ಕೆ, ಎಲ್ ಒತ್ತಿ ಓಡಾಡುವುದಕ್ಕೂ ದೊಡ್ಡ ತತ್ವ ಏನಿಲ್ಲ. ಅದನ್ನು ಬರೆದ ಬಿಲ್ ಜಾಯ್ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳು ಆ ಕೀಗಳ ಮೇಲೆಯೇ ಇದ್ದವು. ಬ್ಯಾಶ್ ತಾನಾಗಿ ಬರುವುದು ಈಮ್ಯಾಕ್ಸ್ ರೀತಿಯಲ್ಲಿ. ನೀವು ದಿನವಿಡೀ ವಿಐನ ಹೊಸ ರೂಪವಾದ ವಿಮ್‌ನಲ್ಲೇ ಇರುವವರಾದರೆ ವಿಐ ಮೋಡ್ ಹಿತವಾಗಿರುತ್ತದೆ. ಹಾಗಾದರೆ ಯಾವ ಮೋಡ್‌ನಲ್ಲಿದ್ದೀರಿ ಎಂದು ಪ್ರಾಂಪ್ಟ್‌ನಲ್ಲಿ ತೋರಿಸುವ ಆಯ್ಕೆಯನ್ನೂ ಹಾಕಿಕೊಳ್ಳಿ. ನಿಮ್ಮ ಪತ್ರ ನೋಡಿದರೆ ನೀವು ವಿಮ್‌ನವರಂತೆ ಕಾಣುವುದಿಲ್ಲ. ಈಗ ಬೇಡ ಎಂದೇ ನನ್ನ ಅಭಿಪ್ರಾಯ. ಟೀಮ್ ಲೀಡ್ ಬೇಜಾರು ಮಾಡಿಕೊಳ್ಳುವುದಿಲ್ಲ ಬಿಡಿ.

ನಾಲ್ಕನೆಯದನ್ನು ಯಾರೂ ಹೇಳಿರುವುದಿಲ್ಲ, ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಅದೇ. ಸರ್ವರ್‌ನಲ್ಲಿ ಬದಲಿಸಿದ್ದು ಆ ಸರ್ವರ್‌ನಲ್ಲೇ ಉಳಿಯುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನ ಮೊದಲೆರಡು ಸ್ಟೇಷನ್‌ಗಳಲ್ಲಿ ಬದಲಿಸಿದ್ದು ನೀವು ಎಸ್‌ಎಸ್‌ಎಚ್ ಮಾಡಿದ ಕಡೆಗೆಲ್ಲ ಬರುತ್ತದೆ, ಆ ಕಡೆಯ ಒಂದು ಫೈಲನ್ನೂ ಮುಟ್ಟದೆ. ಕ್ಯಾಪ್ಸ್ ಲಾಕ್ ಕೀಯನ್ನು ಕಂಟ್ರೋಲ್ ಮಾಡಿಕೊಳ್ಳಿ. ಉಬುಂಟುವಿನಲ್ಲಿ ಗ್ನೋಮ್ ಟ್ವೀಕ್ಸ್‌ನಲ್ಲಿ ಈ ಆಯ್ಕೆ ಇದೆ. ಕಿರುಬೆರಳಿಗೆ ಎಷ್ಟು ಆರಾಮ ಅಂತ ಎರಡೇ ದಿನದಲ್ಲಿ ಗೊತ್ತಾಗುತ್ತದೆ. ಕಿಟ್ಟಿ, ಅಲಾಕ್ರಿಟಿಯಂಥ ಟರ್ಮಿನಲ್‌ಗಳಲ್ಲಿ ‘ಕಂಟ್ರೋಲ್-ಬ್ಯಾಕ್‌ಸ್ಪೇಸ್ ಒತ್ತಿದರೆ ಆಲ್ಟ್-ಬ್ಯಾಕ್‌ಸ್ಪೇಸ್‌ನ ಬೈಟ್‌ಗಳನ್ನೇ ಕಳಿಸು’ ಎಂದು ಬರೆದಿಡಬಹುದು. ಸರ್ವರ್‌ಗೆ ಅದು ಮಾಮೂಲಿ ಕೀ. ತೊಂದರೆ ಅಂದರೆ ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ಕೂತಾಗ ಅಕ್ಷರವೆಲ್ಲ ದೊಡ್ಡದಾಗಿ ಬೀಳುತ್ತವೆ. ಅದರಿಂದ ಯಾವ ಫೈಲೂ ಅಳಿಯುವುದಿಲ್ಲ.

ಮ್ಯಾಕ್ ಬಳಸುವ ಸಹೋದ್ಯೋಗಿಗಳಿಗೆ ನಿಮ್ಮ ಫೈಲ್ ಕೊಡಲು ಹೋಗಬೇಡಿ. 2019ರಿಂದ ಮ್ಯಾಕ್‌ನಲ್ಲಿ ತಾನಾಗಿ ಬರುವ ಶೆಲ್ ಝಡ್‌ಶೆಲ್. ಅದು ರೀಡ್‌ಲೈನ್ ಬಳಸುವುದಿಲ್ಲ, ಇನ್‌ಪುಟ್‌ಆರ್‌ಸಿ ಓದುವುದಿಲ್ಲ. ಅಲ್ಲಿ ‘ಬೈಂಡ್‌ಕೀ’ ಎಂಬ ಬೇರೆ ಕಮಾಂಡ್.

ಮೂರ್ನಾಲ್ಕು ಸಾಲಿಗೆ ಹರಡುವ ಕಮಾಂಡ್‌ಗೆ ಯಾವ ಶಾರ್ಟ್‌ಕಟ್ಟೂ ಸಾಲದು. ಆಗ ಕಂಟ್ರೋಲ್-ಎಕ್ಸ್, ಹಿಂದೆಯೇ ಕಂಟ್ರೋಲ್-ಇ. ನೀವು ಬರೆದದ್ದು ಎಡಿಟರ್‌ನಲ್ಲಿ ತೆರೆದುಕೊಳ್ಳುತ್ತದೆ. ತಿದ್ದಿ, ಉಳಿಸಿ ಹೊರಬಂದ ಕೂಡಲೇ ಓಡುತ್ತದೆ. ಎಚ್ಚರ, ಉಳಿಸದೆ ಹೊರಬಂದರೂ ಮೊದಲು ಇದ್ದ ಸಾಲು ಓಡುತ್ತದೆ! ಮನಸ್ಸು ಬದಲಾದರೆ ಎಲ್ಲ ಅಳಿಸಿ ಖಾಲಿ ಫೈಲ್ ಉಳಿಸಿ. ವಿಮ್ ಆದರೆ ಕೋಲನ್ ಹಾಕಿ ‘ಸಿಕ್ಯೂ’ ಕೊಟ್ಟು ಹೊರಬನ್ನಿ, ಬ್ಯಾಶ್ ಕೈಬಿಡುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಇವತ್ತು ಆ 200 ಸಾಲಿನ ಫೈಲಿನ ಹೆಸರು ಬದಲಿಸಿ ಪಕ್ಕಕ್ಕಿಡುತ್ತಿದ್ದೆ, ಕ್ಯಾಪ್ಸ್ ಲಾಕ್ ಬದಲಿಸುತ್ತಿದ್ದೆ, ಎರಡು ವಾರ ಮೊದಲ ದಾರಿಯನ್ನೇ ಹಿಡಿಯುತ್ತಿದ್ದೆ. ಆಮೇಲೂ ಯಾವುದು ಚುಚ್ಚುತ್ತದೋ ಅದಕ್ಕೆ ಮಾತ್ರ ಒಂದೊಂದು ಸಾಲು. ಅಭ್ಯಾಸಕ್ಕೆ ರೈಲೇ ಸಾಕು, ನೆಟ್‌ವರ್ಕ್ ಬೇಡ. ಸೀಟು ಸಿಕ್ಕ ದಿನ ಲ್ಯಾಪ್‌ಟಾಪ್ ತೆರೆದು ಒಂದು ಉದ್ದದ ಸಾಲು ಬರೆಯಿರಿ, ಆಲ್ಟ್ ಹಿಡಿದು ಹ್ಯಾಶ್ ಚಿಹ್ನೆ ಒತ್ತಿ. ಸಾಲಿನ ಮೊದಲಿಗೆ ಹ್ಯಾಶ್ ಸೇರಿ, ಅದು ಓಡದೆ ಹಿಸ್ಟರಿಯಲ್ಲಿ ಮಾತ್ರ ಕೂರುತ್ತದೆ. ಮೇಲು ಬಾಣದಿಂದ ಅದನ್ನೇ ವಾಪಸ್ ತಂದು ಹಿಂದೆ ಮುಂದೆ ಓಡಾಡಿ, ಕತ್ತರಿಸಿ, ಅಂಟಿಸಿ. ಹ್ಯಾಶ್ ಮೊದಲಲ್ಲೇ ಇರುವವರೆಗೆ ಹಿರೇಹಳ್ಳಿ ಹತ್ತಿರ ರೈಲು ಕುಲುಕಿ ಎಂಟರ್ ಬಿದ್ದರೂ ಏನೂ ಆಗುವುದಿಲ್ಲ.